ಅಪ್‌ಡೇಟ್: ಶಾಲೆ ಎದುರಿನ ಗೂಡಂಗಡಿಗೆ ತಪಾಸಣೆ ಬಂತು

ಮಗಳ ಶಾಲೆ ಗೇಟಿನ ಎದುರೇ ಬಿಡಿ ಸಿಗರೇಟ್ ಮಾರ್ತಾರೆ, ಬೋಂಡಾನ ನ್ಯೂಸ್‌ಪೇಪರಲ್ಲೇ ಸುತ್ತಿ ಕೊಡ್ತಾರೆ, ಯಾರಿಗೆ ದೂರು ಕೊಡಲಿ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಜಿಲ್ಲಾ ತಂಬಾಕು ನಿಯಂತ್ರಣ ಘಟಕಕ್ಕೂ ಆಹಾರ ಸುರಕ್ಷತಾ ಅಧಿಕಾರಿಗೂ ಬರೆದೆ. ಇಬ್ಬರೂ ಬಂದರು!

ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ತಂಬಾಕು ನಿಯಂತ್ರಣ ಕಾಯ್ದೆಗೆ (ಕೋಟ್ಪಾ) ನಮ್ಮ ಕರ್ನಾಟಕ ತಂದ ತಿದ್ದುಪಡಿ ಪ್ರಕಾರ ಬಿಡಿ ಸಿಗರೇಟ್ ಎಲ್ಲೂ ಮಾರುವಂತಿಲ್ಲ, 21 ವರ್ಷದೊಳಗಿನವರಿಗೆ ಪ್ಯಾಕೂ ಕೊಡುವಂತಿಲ್ಲ. ದಂಡ ಹಾಕಿ, ಕಂಬಕ್ಕೆ ದಾರದಲ್ಲಿ ನೇತುಹಾಕಿದ್ದ ಲೈಟರನ್ನೂ ಬಿಚ್ಚಿಸಿದರು. ಬಾಣಲೆಯ ಎಣ್ಣೆ ಕರ್ರಗೆ ಅಂಟಂಟಾಗಿತ್ತು. ಅದನ್ನೂ ಚೆಲ್ಲಿಸಿದರು.

ಅಂಗಡಿಯ ಅಜ್ಜ "ಹೊಟ್ಟೆಪಾಡು ಸಾರ್" ಅಂದಾಗ ಸಂಕಟವಾಯ್ತು. ಬೋಂಡಾ ಮಾರಲಿ, ಯಾರದ್ದೂ ತಕರಾರಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಗೆ ಅರ್ಜಿ ನಾನೇ ತುಂಬಿಕೊಡ್ತೀನಿ ಅಂದಿದ್ದೇನೆ.