ಜಪಾನಿಯಲ್ಲಿ ‘ನನಗೆ ಇದೇ ಇಷ್ಟ’ ಅನ್ನೋದು ಹೇಗೆ?

ಪ್ರಶ್ನೆ: ನಮ್ಮದು ಬಳ್ಳಾರಿ. ಮುಂದಿನ ತಿಂಗಳು ಒಸಾಕಾದಲ್ಲಿ ಒಬ್ಬರ ಮನೆಯಲ್ಲಿ ಇರಬೇಕು. ಮಂಚಕ್ಕಿಂತ ನೆಲದ ಹಾಸಿಗೆಯೇ ಇಷ್ಟ ಅಂತ ಮರ್ಯಾದೆಯಿಂದ ಹೇಗೆ ಹೇಳಲಿ?

ಉತ್ತರ: ‘ಬೆದ್ದೊ ಯೊರಿ ಫುತೊನ್ ನೊ ಹೋ ಗ ಸುಕಿ ದೆಸ್.’ ಬೆದ್ದೊ ಮಂಚ, ಫುತೊನ್ ನೆಲದ ಹಾಸಿಗೆ, ಯೊರಿ ಅಂದ್ರೆ ನಮ್ಮ ‘ಗಿಂತ’, ಸುಕಿ ಅಂದ್ರೆ ಇಷ್ಟ. ನೋಡಿ, ಪದಗಳ ಸಾಲೂ ನಮ್ಮದೇ ಅಲ್ವಾ, ಹಾಗಾಗಿ ಸುಮ್ನೆ ಇಂಗ್ಲಿಷ್ ಮೂಲಕ ಸುತ್ತಬೇಡಿ, ಕನ್ನಡದಿಂದಲೇ ನೇರ ಹೋಗಿ.

ಉತ್ತರ: ರಾಯಚೂರಿನಿಂದ. ಬೇಡ ಅನ್ನೋಕೆ ‘ಚೊತ್ತೊ...’ ಅಂತ ಎಳೆದು ಅರ್ಧಕ್ಕೆ ನಿಲ್ಲಿಸಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ‘ಕಿರಾಯ್’ (ನನಗೆ ಇಷ್ಟವೇ ಇಲ್ಲ) ಅನ್ನಬೇಡಿ, ಅದು ಜಾಸ್ತಿ ಒರಟು. ಮಿಸೊ ಸಾರಿಗೆ ನಾನು ಹಾಗಂದಾಗ ಬಡಿಸುತ್ತಿದ್ದ ಅಜ್ಜಿಯ ಸೌಟು ಅಲ್ಲೇ ನಿಂತಿತು. ಇವತ್ತಿಗೂ ಬೇಜಾರಿದೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯ್ತು. ಕಿಟಕಿ ತೆಗೆಯಲಾ ಅನ್ನೋಕೆ?

ಉತ್ತರ: ‘ಮಾದೊ ಒ ಅಕೆತೆ ಮೊ ಈ ದೆಸ್ ಕಾ?’