ಬರ ಬಿಟ್ಟ ಮೇಲೆ ಚಿಗುರಿದ ಮೇವಿನ ಜೋಳಕ್ಕೆ ದನ ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಮೇವಿಗೆ ಅಂತ ಜೋಳ ಬಿತ್ತಿದ್ದೆ. ಸೊಂಟದೆತ್ತರ ಬಂದ ಮೇಲೆ ಮಳೆ ಕೈಕೊಟ್ಟಿತು. ಎಲೆ ಸುರುಳಿಕೊಂಡು ಅರ್ಧ ಬೆಳೆ ಒಣಗಿತು. ಈಗ ಒಂದು ವಾರದಿಂದ ಮಳೆಯಾಗುತ್ತಿದೆ, ಬುಡದಲ್ಲಿ ಹೊಸ ತೆಂಡೆಗಳು ಹಸಿರಾಗಿ ಎದ್ದಿವೆ. ಕೂಡಿಟ್ಟ ಒಣಮೇವು ಮುಗಿಯುತ್ತಾ ಬಂತು. ದನ ಬಿಡಬಹುದಾ? ಬೆಳೆ ಸೊಂಟ ದಾಟಿದರೆ ವಿಷ ಇರಲ್ಲ ಅಂತ ಪಕ್ಕದ ಹೊಲದವರು ಹೇಳುತ್ತಾರೆ.

ಉತ್ತರ: ಈಗ ಬಿಡಬೇಡಿ. ಎತ್ತರ ನೋಡಿ ಮೇಯಿಸುವ ಲೆಕ್ಕ ಸುಳ್ಳಲ್ಲ, ಆದರೆ ಅದು ಒಂದೇ ಸಮ ಬೆಳೆದ ಹೊಲಕ್ಕೆ. ನಿಮ್ಮಲ್ಲಿ ಈಗ ಇರುವುದು ಎರಡು ಬೆಳೆ: ಮೇಲೆ ಬಾಡಿದ ಹಳೇ ದಂಟು, ಕೆಳಗೆ ಎಳೆ ತೆಂಡೆ. ದನ ಮೊದಲು ಬಾಯಿ ಹಾಕುವುದು ಎಳೆಯದಕ್ಕೇ ಅಲ್ವಾ? ಹಾಗಾಗಿ ಅಳೆಯಬೇಕಾದ್ದು ತೆಂಡೆಯನ್ನು. ಅದು ಎರಡರಿಂದ ಎರಡೂವರೆ ಅಡಿ ಆಗಲಿ. ಅಷ್ಟಕ್ಕೆ ಎರಡು ವಾರವಾದರೂ ಬೇಕು.

ಕಾರಣ ಇದು. ಜೋಳದಲ್ಲಿ ಧುರಿನ್ ಎಂಬ ಅಂಶ ಇರುತ್ತದೆ. ಎಲೆ ಗಟ್ಟಿಯಾಗಿ ನಿಂತಿರುವಾಗ ಅದು ಸುಮ್ನೆ ಇರುತ್ತದೆ. ಎಲೆ ಜಜ್ಜಿದಾಗ, ಬಾಡಿದಾಗ, ಹಿಮ ಹೊಡೆದಾಗ ಅಥವಾ ದನ ಅಗಿದಾಗ ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಎಳೆ ಎಲೆ, ಹೊಸ ತೆಂಡೆಯಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ. ಬೆಳೆ ಬಲಿತಂತೆ ಇಳಿಯುತ್ತದೆ. ಬರ ಬಿದ್ದರೆ ಏರುತ್ತದೆ. ಯೂರಿಯಾ ಜಾಸ್ತಿ ಸುರಿದಿದ್ದರೆ, ಮಣ್ಣಿನಲ್ಲಿ ರಂಜಕ ಕಡಿಮೆ ಇದ್ದರೆ ಇನ್ನೂ ಏರುತ್ತದೆ.

ಎಷ್ಟು ಮೇವು ಅಪಾಯ ಅಂತ ಒಂದು ಲೆಕ್ಕ ಹೇಳುತ್ತೇನೆ. ಹಸಿ ಮೇವಿನ ಒಂದು ಕಿಲೋದಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಸಯನೈಡ್ ಇದ್ದರೆ ಅಪಾಯ ಎನ್ನುತ್ತಾರೆ. ದನದ ದೇಹತೂಕದ ಕಿಲೋಗೆ ಸುಮಾರು 2 ಮಿಲಿಗ್ರಾಂ ಒಮ್ಮೆಲೇ ಒಳಗೆ ಹೋದರೆ ಸಾಯಬಹುದು. 400 ಕಿಲೋ ಹಸುವಿಗೆ ಅದು 800 ಮಿಲಿಗ್ರಾಂ. ಅಂದರೆ ನಾಲ್ಕೇ ಕಿಲೋ ಮೇವು! ಹಸಿದ ಹಸುವಿಗೆ ನಾಲ್ಕು ಕಿಲೋ ಎಷ್ಟು ಹೊತ್ತು? ಇದೇ ವಿಷ ನಿಧಾನವಾಗಿ ಹೋದರೆ ಸ್ವಲ್ಪ ಮಟ್ಟಿಗೆ ದೇಹವೇ ಅರಗಿಸಿ ಹೊರಹಾಕುತ್ತದೆ. ಆದ್ದರಿಂದ ಮೇಯಿಸುವ ಕಾಲ ಬಂದ ಮೇಲೂ ಹಸಿದ ದನ ಬಿಡಬೇಡಿ. ಮೊದಲು ಒಣಮೇವು ಹಾಕಿ, ಆಮೇಲೆ ಹೊಲದಲ್ಲಿ ಸ್ವಲ್ಪ ಹೊತ್ತು ಮಾತ್ರ ಮೇಯಿಸಿ ಹೊರಗೆ ಹೊಡೆಯಿರಿ. ಉಳಿದಿರುವ ಒಣಮೇವನ್ನು ಇದಕ್ಕೇ ಎತ್ತಿಡಿ.

ಪ್ರಶ್ನೆ: ಕೊಯ್ದು ಕತ್ತರಿಸಿ ಹಾಕಿದರೆ?

ಉತ್ತರ: ಎಳೆಯದನ್ನೇ ಆರಿಸಿ ತಿನ್ನುವುದು ತಪ್ಪುತ್ತದೆ, ಅಷ್ಟೇ. ವಿಷ ಹೋಗಲ್ಲ. ಕತ್ತರಿಸಿದ್ದನ್ನು ರಾಶಿ ಹಾಕಿ ಬಾಡಿಸಿ ಕೊಡುವುದಂತೂ ಬೇಡವೇ ಬೇಡ.

ಪೂರ್ತಿ ಒಣಗಿಸಿದರೆ ಸಯನೈಡ್ ಬಹುಪಾಲು ಗಾಳಿಗೆ ಹೋಗುತ್ತದೆ. ಜೋಳದ ದಂಟು ದಪ್ಪ, ಎಲೆ ಒಣಗಿದರೂ ಒಳಗೆ ಹಸಿ ಉಳಿಯುತ್ತದೆ. ದಂಟು ಮುರಿದು ನೋಡಿ, ಲಟಕ್ ಅನ್ನಬೇಕು. ಸೈಲೇಜ್ (ಹಸಿ ಮೇವನ್ನು ಗುಂಡಿಯಲ್ಲಿ ಒತ್ತಿ, ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುವುದು) ಮಾಡಿದರೂ ಇಳಿಯುತ್ತದೆ. ಆರರಿಂದ ಎಂಟು ವಾರ ಮುಚ್ಚಿಟ್ಟು ಆಮೇಲೆ ತೆಗೆಯಿರಿ. ನನ್ನನ್ನು ಕೇಳಿದರೆ, ನಿಮ್ಮ ಬೆಳೆಗೆ ಸೈಲೇಜೇ ಸರಿ, ಮಳೆಗಾಲದಲ್ಲಿ ಜೋಳ ಒಣಗಿಸುವುದು ಮಹಾ ಕಿರಿಕಿರಿ.

ಮತ್ತೊಬ್ಬರ ಪ್ರಶ್ನೆ: ನಮ್ಮದು ಸಜ್ಜೆ ಮೇಡಂ. ಅದರಲ್ಲಿ ಈ ವಿಷ ಇಲ್ಲ ಅಂತಾರಲ್ಲ, ಧೈರ್ಯವಾಗಿ ಬಿಡಬಹುದಾ?

ಉತ್ತರ: ಸಜ್ಜೆಯಲ್ಲಿ ಸಯನೈಡ್ ತೊಂದರೆ ಇಲ್ಲ, ನಿಜ. ನೈಟ್ರೇಟ್ ತೊಂದರೆ ಇದೆ. ಬರದಲ್ಲಿ ಬೇರು ಸಾರಜನಕ ಎಳೆದುಕೊಳ್ಳುತ್ತದೆ, ಆದರೆ ಬೆಳವಣಿಗೆ ನಿಂತಿರುವುದರಿಂದ ಅದು ಬಳಕೆಯಾಗದೆ ನೈಟ್ರೇಟ್ ಆಗಿ ದಂಟಿನ ಬುಡದಲ್ಲಿ ಕೂರುತ್ತದೆ. ಜೋಳ, ಮೆಕ್ಕೆಜೋಳಕ್ಕೂ ಇದೇ ಮಾತು. ಮಳೆ ಬಂದ ಮೊದಲ ನಾಲ್ಕೈದು ದಿನ ಇದು ಇನ್ನೂ ಏರಬಹುದು, ಒಂದು ವಾರ ಕೊಯ್ಯಬೇಡಿ. ಕೊಯ್ಯುವಾಗ ಬುಡದ ಅರ್ಧ ಅಡಿಗಿಂತ ಸ್ವಲ್ಪ ಜಾಸ್ತಿಯೇ ಹೊಲದಲ್ಲಿ ಬಿಡಿ.

ಇಲ್ಲಿ ಜನ ಎಡವುವುದು ಒಣಗಿಸುವ ವಿಷಯದಲ್ಲಿ. ಒಣಗಿಸಿದರೆ ಸಯನೈಡ್ ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಸೈಲೇಜಿನಲ್ಲಿ ಸುಮಾರು ಅರ್ಧ ಇಳಿಯುತ್ತದೆ. ಅನುಮಾನವಿದ್ದರೆ ಮೇವು ಪರೀಕ್ಷೆ ಮಾಡಿಸಿ. ನೈಟ್ರೇಟಿಗೆ ಒಣಗಿದ ಮಾದರಿ ನಡೆಯುತ್ತದೆ. ಸಯನೈಡಿಗೆ ಆಗಲ್ಲ, ದಾರಿಯಲ್ಲೇ ಹಾರಿಹೋಗಿ ಫಲಿತಾಂಶ ಸುಳ್ಳಾಗುತ್ತದೆ. ಹಸಿಯಾಗಿ, ಗಾಳಿಯಾಡದ ಚೀಲದಲ್ಲಿ, ತಣ್ಣಗಿಟ್ಟು ಕೂಡಲೇ ತಲುಪಿಸಬೇಕು.

ಸೈಲೇಜ್ ಮಾಡುವವರಿಗೆ ಇನ್ನೊಂದು ಮಾತು. ನೈಟ್ರೇಟ್ ಜಾಸ್ತಿ ಇರುವ ಬೆಳೆ ತುಂಬಿದ ಗುಂಡಿಯಿಂದ ಮೊದಲ ಎರಡು ಮೂರು ವಾರ ಹಳದಿ-ಕಂದು ಬಣ್ಣದ ಗಾಳಿ ಏಳಬಹುದು. ಅದು ಮನುಷ್ಯರನ್ನೂ ಕೊಲ್ಲುತ್ತದೆ. ಬಗ್ಗಿ ನೋಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ: ಅಕಸ್ಮಾತ್ ತಿಂದುಬಿಟ್ಟರೆ ಗೊತ್ತಾಗೋದು ಹೇಗೆ? ಆಡು ಕುರಿಗೂ ಹೀಗೇನಾ?

ಉತ್ತರ: ಆಡು ಕುರಿಯೂ ಮೆಲುಕು ಹಾಕುವ ಪ್ರಾಣಿಗಳೇ, ಅವಕ್ಕೂ ಅಪಾಯ ಇದೆ. ಏದುಸಿರು, ಜೊಲ್ಲು, ತೂರಾಟ, ಆಮೇಲೆ ಬೀಳುವುದು. ಎಲ್ಲ ನಿಮಿಷಗಳಲ್ಲಿ ಆಗಬಹುದು. ಸಯನೈಡಾದರೆ ವಸಡು, ಕಣ್ಣಿನ ಒಳರೆಪ್ಪೆ ಕೆಂಪಗೆ ಹೊಳೆಯುತ್ತವೆ. ನೈಟ್ರೇಟಾದರೆ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಔಷಧಿ ಬೇರೆ ಬೇರೆ, ರಕ್ತನಾಳಕ್ಕೇ ಕೊಡಬೇಕು. ಮನೆಮದ್ದು ಹುಡುಕುತ್ತಾ ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡುವಾಗಲೇ ಏನು ತಿಂದಿದೆ ಅಂತ ಹೇಳಿ. ಉಳಿದ ದನಗಳನ್ನು ಹೊಲದಿಂದ ಹೊರಗೆ ಹೊಡೆಯಿರಿ, ಓಡಿಸದೆ.

ಮೊದಲು ಕೇಳಿದವರು: ಹಾಗಾದರೆ ಉತ್ತು ಬೇರೆ ಬಿತ್ತುವುದೇ ವಾಸಿ ಅನ್ನಿಸುತ್ತಿದೆ.

ಉತ್ತರ: ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬುಡ ಚಿಗುರಿದ್ದರೆ ಉಳುವುದು ದಂಡ. ಬೇರು ಈಗಾಗಲೇ ಇಳಿದಿದೆ, ಹೊಸ ಬಿತ್ತನೆಗಿಂತ ಬೇಗ ಮೇವು ಸಿಗುತ್ತದೆ. ಈಗ ಯೂರಿಯಾ ಹಾಕಬೇಡಿ. ಹೂ ಬರಲಿ, ಆಗ ಕೊಯ್ದು ಸೈಲೇಜ್ ಮಾಡಿ. ಬುಡ ಸತ್ತು ಖಾಲಿ ಬಿದ್ದ ಕಡೆ ಮಾತ್ರ ಕೆದಕಿ ಅಲಸಂದೆ ಬಿತ್ತಿ.