ಅವ್ವ ಅರ್ಧಕ್ಕೆ ಬಿಟ್ಟ ಕೌದಿ ನಡುವೆ ಉಬ್ಬಿದೆ, ಮುಗಿಸೋದು ಹೇಗೆ?

ಡೊಂಬಿವಲಿ ಅಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮವ್ವ ಬಾಗಲಕೋಟೆಯಲ್ಲಿದ್ದಾಗ ಶುರು ಮಾಡಿದ ಕೌದಿ ಇದು. ನಮ್ಮ ಜೊತೆ ಡೊಂಬಿವಲಿಗೆ ಬಂತು, ಲಾಫ್ಟ್ ಮೇಲೆ ಕೂತುಬಿಟ್ಟಿತು. ಈ ಸಲ ಮುಗಿಸಿ ಮಗಳಿಗೆ ಕೊಡಬೇಕು ಅಂತ ಕೆಳಗಿಳಿಸಿದ್ದೇನೆ.

ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿದುಕೊಂಡು ಬಂದಿದ್ದಾಳೆ. ನಡುವೆ ಎರಡು ಮೊಳದಷ್ಟು ಜಾಗ ಉಳಿದಿದೆ, ಅಲ್ಲಿ ಮೇಲಿನ ತೇಪೆಗಳನ್ನು ಇನ್ನೂ ಕೂರಿಸಿಲ್ಲ. ನೆಲದ ಮೇಲೆ ಹಾಸಿದರೆ ಅಂಚು ಚಪ್ಪಟೆ ಕೂರುತ್ತೆ, ನಡು ಮಾತ್ರ ಪೂರಿ ಹಾಗೆ ಉಬ್ಬುತ್ತೆ. ಕೈಯಿಂದ ಒತ್ತಿದರೆ ಉಬ್ಬು ಪಕ್ಕಕ್ಕೆ ಸರಿಯುತ್ತೆ, ಹೋಗಲ್ಲ. ಹೀಗೇ ಹೊಲಿದರೆ ಸುಕ್ಕು ಬೀಳೋದು ಗ್ಯಾರಂಟಿ.

ಅವ್ವನಿಗೆ ಈಗ ಕಣ್ಣು ಮಂಜು. ಕೇಳಿದರೆ "ಹೊಲಿ, ಕೈಗೇ ಗೊತ್ತಾಗ್ತದ" ಅಂತಾಳೆ. ನನ್ನ ಕೈಗೆ ಏನೂ ಗೊತ್ತಾಗ್ತಿಲ್ಲ.

ಠಾಣೆ ರಾವ್:
ಅಕ್ಕಾ, ಇಷ್ಟಕ್ಕೆಲ್ಲಾ ಯಾಕೆ ತಲೆಬಿಸಿ? ಮಷಿನ್ ಮೇಲೆ ಹಾಕಿ ನಾಲ್ಕು ಗೆರೆ ಎಳೆದುಬಿಡಿ. ಅರ್ಧ ಗಂಟೆಯ ಕೆಲಸ.

ಕೊತ್ರೂಡ ಕಾಕು:
ರಾವ್ ಅವರೇ, ಬೇಡ. ಮನೆ ಮಷಿನ್‌ನಲ್ಲಿ ಕೆಳಗಿನ ಹಲ್ಲು ಕೆಳಪದರವನ್ನಷ್ಟೇ ಮುಂದಕ್ಕೆ ಎಳೆಯುತ್ತೆ. ಮೇಲಿನದು ಪಾದದ ಕೆಳಗೆ ಹಿಂದೆ ಉಳಿಯುತ್ತೆ. ಮೊದಲೇ ಸಡಿಲ ಇರುವ ಕೌದಿಗೆ ಹಾಗೆ ಮಾಡಿದರೆ ಉಬ್ಬು ಹೋಗಿ ಮಡಿಕೆ ಬರುತ್ತೆ, ಅಷ್ಟೇ. ವಾಕಿಂಗ್ ಫೂಟ್ ಅನ್ನೋ ಬೇರೆ ಥರದ ಪಾದ ಇದ್ದರೆ ಬೇರೆ ಮಾತು, ಅದು ಎರಡೂ ಪದರವನ್ನು ಒಟ್ಟಿಗೆ ನಡೆಸುತ್ತೆ. ಆದರೂ ಮುಕ್ಕಾಲು ಪಾಲು ಕೈಹೊಲಿಗೆ ಇರುವ ಕೌದಿಯ ನಡುವೆ ಮಷಿನ್ ಗೆರೆ ನನಗಂತೂ ಹಿಡಿಸಲ್ಲ.

ಅಕ್ಕಾ, ಮೊದಲು ಉಬ್ಬಿರೋದು ಯಾವ ಪದರ ಅಂತ ನೋಡಿ. ಉಬ್ಬನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜಿ. ಎಲ್ಲಾ ಪದರ ಒಟ್ಟಿಗೆ ಬರುತ್ತವಾ, ಒಳಗೆ ಒಂದೇ ಜಾರುತ್ತಾ? ಜಾರಿದರೆ ಆ ಬಟ್ಟೆಯ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸಿಂಕ್ ಮೇಲೆ ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತೆ. ನೈಲಾನ್, ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕೂರುತ್ತೆ.

ಡೊಂಬಿವಲಿ ಅಕ್ಕ:
ಕಾಕು, ಗುಂಡು ಕೂತಿತು! ಕೆಳಗೆ ಅಸ್ತರ ಹತ್ತಿ ಸೀರೆ, ಮೇಲೆ ಅಪ್ಪನ ಧೋತರ. ನಡುವಿನದು ನೈಲಾನ್ ಸೀರೆ, ಅದೇ ಜಾರ್ತಿರೋದು. ಅವ್ವನಿಗೆ ಹೇಳಿದೆ. "ಗಟ್ಟಿ ಇತ್ತು, ಹರಿಯಲಿಲ್ಲ, ಅದಕ್ಕೇ ಹಾಕಿದೆ" ಅಂದಳು. ಅದೂ ಸರಿ ಅನ್ನಿ.

ಇನ್ನೆರಡು ವಿಷಯ. ಗುಂಡುಪಿನ್ನುಗಳನ್ನು ಹಾಗೇ ಬಿಟ್ಟಿದ್ದಳು, ಧೋತರದ ಮೇಲೆ ತುಕ್ಕಿನ ಕಲೆ ಬಿದ್ದಿದೆ. ಮುಗ್ಗಲು ವಾಸನೆಯೂ ಇದೆ.

ಕೊತ್ರೂಡ ಕಾಕು:
ಹಾಗಿದ್ದರೆ ಕಾರಣ ಸಿಕ್ಕಿತು. ಒಂದೊಂದು ಟಾಕಾ ಹಾಕಿದಾಗಲೂ ಬಟ್ಟೆ ಸ್ವಲ್ಪ ಸ್ವಲ್ಪ ಮುದುಡುತ್ತೆ. ಅಂಚಿನ ಸುತ್ತುಗಳೆಲ್ಲ ಮುದುಡಿವೆ, ನಡುವಿನ ಬಟ್ಟೆ ಇನ್ನೂ ಪೂರ್ತಿ ಅಳತೆಯಲ್ಲೇ ಇದೆ. ಹತ್ತಿಗೆ ಹತ್ತಿ ಅಂಟಿಕೊಂಡು ಕೂರುತ್ತೆ, ಸಡಿಲವನ್ನು ಎಲ್ಲಾ ಕಡೆ ಹಂಚಿಕೊಳ್ಳುತ್ತೆ. ನೈಲಾನ್ ಜಾರುತ್ತೆ. ಸೂಜಿ ಒಳಗೆ ಬಂದ ಹಾಗೆ ಅದರ ಸಡಿಲ ಪೂರ್ತಿ ಮುಂದೆ ಮುಂದೆ ಸರಿದು ನಡುವೆ ಗುಡ್ಡೆ ಬಿದ್ದಿದೆ. ಅವ್ವನ ಹೊಲಿಗೆಯಲ್ಲಿ ತಪ್ಪಿಲ್ಲ.

ನಡುವೆ ತೇಪೆ ಹಾಕಿಲ್ಲ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಧೋತರವನ್ನು ನಡುವೆ ಉದ್ದಕ್ಕೆ ಸೀಳಿ, ಹೆದರಬೇಡಿ, ಮೇಲೆ ತೇಪೆ ಬರುತ್ತೆ. ಕೊನೆಯ ಹೊಲಿಗೆ ಸಾಲಿನಿಂದ ನಾಲ್ಕು ಬೆರಳು ಒಳಗೆ ಬಿಟ್ಟು ನೈಲಾನನ್ನು ಸುತ್ತಲೂ ಕತ್ತರಿಸಿ ತೆಗೆಯಿರಿ. ಆ ಜಾಗಕ್ಕೆ ಹಳೆ ಪಂಚೆ ತುಂಡು ಕೂರಿಸಿ. ಅಂಚಿಗೆ ಅಂಚು ತಾಗಲಿ, ಒಂದರ ಮೇಲೊಂದು ಬರಬಾರದು. ಬಂದರೆ ಮಲಗಿದಾಗ ಬೆನ್ನಿಗೆ ಏಣು ಚುಚ್ಚುತ್ತೆ. ಸೀಳಿದ ಧೋತರವನ್ನು ಮತ್ತೆ ಜೋಡಿಸಿ ಸಡಿಲವಾಗಿ ಟಾಕಾ ಹಾಕಿದರೆ ಸಾಕು. ಹೊಸ ಬಟ್ಟೆ ಹಾಕಲೇಬೇಕು ಅಂದರೆ ಒಗೆದು ಹಾಕಿ. ಹಳೆಯದು ಕುಗ್ಗೋದಷ್ಟು ಕುಗ್ಗಿದೆ, ಹೊಸದು ಆಮೇಲೆ ಕುಗ್ಗಿ ಎಳೆಯುತ್ತೆ.

ಈಗ ಅಸ್ತರ. ಸೀರೆಯನ್ನು ಎರಡು ತುಂಡು ಮಾಡಿ ಅಗಲಕ್ಕೆ ಜೋಡಿಸಿರ್ತಾರಲ್ವಾ? ಹಾಗಿದ್ದರೆ ಜೋಡು ಸರಿಯಾಗಿ ಉಬ್ಬಿನ ಕೆಳಗೇ ಹಾದಿರುತ್ತೆ. ಕೌದಿ ಮಗುಚಿ ಆ ಜೋಡಿನ ಹೊಲಿಗೆಯನ್ನು ನಡುವೆ ಮಾತ್ರ ಬಿಚ್ಚಿ. ಹೆಚ್ಚಾದ ಬಟ್ಟೆಯನ್ನು ಒಳಕ್ಕೆ ಮಡಿಚಿ, ಎರಡೂ ತುದಿಗೆ ಹೋಗ್ತಾ ಮಡಿಕೆ ಸಣ್ಣದಾಗಿ ಇಲ್ಲವಾಗಬೇಕು. ಹಾಗೆ ಮುಚ್ಚಿ ಹೊಲಿದರೆ ಹೊರಗಿನವರಿಗೆ ಹಳೆ ಜೋಡೇ ಕಾಣುತ್ತೆ.

ಆಮೇಲೆ ಕಚ್ಚಾ ಹೊಲಿಗೆ, ಅಂದರೆ ಪದರ ಸರಿಯದ ಹಾಗೆ ಹಿಡಿಯೋ ತಾತ್ಕಾಲಿಕ ಹೊಲಿಗೆ. ಸಾಮಾನ್ಯವಾಗಿ ನಡುವಿನಿಂದ ಹೊರಗೆ ಹೋಗ್ತೀವಿ, ಸಡಿಲ ಅಂಚಿಗೆ ಹೋಗಲಿ ಅಂತ. ಇಲ್ಲಿ ಅಂಚು ಮುಚ್ಚಿದೆ, ಹೋಗೋಕೆ ದಾರಿ ಇಲ್ಲ. ಅದಕ್ಕೆ ನೆಲದ ಮೇಲೆ ಹಾಸಿ ನಾಲ್ಕೂ ದಿಕ್ಕಿಗೆ ಒಂದೊಂದು ಪಿನ್ ಹಾಕಿ, ಪ್ರತಿ ಎರಡರ ನಡುವೆ ಇನ್ನೊಂದು, ಮತ್ತೆ ಅವುಗಳ ನಡುವೆ ಇನ್ನೊಂದು. ಉಳಿದ ಸಡಿಲ ಸಮನಾಗಿ ಹಂಚಿಹೋಗುತ್ತೆ. ಕಚ್ಚಾ ಟಾಕಾ ಹಾಕಿಕೊಂಡು ಆಮೇಲೆ ಪಿನ್ ಬಿಚ್ಚಿ, ಪಿನ್ ಬಿಟ್ಟು ಮತ್ತೆ ಲಾಫ್ಟ್‌ಗೆ ಏರಿಸಬೇಡಿ.

ಅವ್ವ ಬಂದ ದಿಕ್ಕಿನಲ್ಲೇ ಸುತ್ತು ಹೊಲಿಯಿರಿ. ಸಾಲಿಗೂ ಸಾಲಿಗೂ ಅವಳು ಬಿಟ್ಟಷ್ಟೇ ಜಾಗ ಬಿಡಿ. ಒತ್ತೊತ್ತಾಗಿ ಹಾಕಿದರೆ ನಡು ಜಾಸ್ತಿ ಮುದುಡುತ್ತೆ. ದಾರ ಒಂದು ಕೈಯುದ್ದ ಸಾಕು, ಮೇಣದಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಗಂಟಾಗಲ್ಲ. ಹತ್ತಿ ದಾರವೇ ಇರಲಿ. ಅಂಗುಸ್ತಾನ ಹಾಕ್ಕೊಳ್ಳಿ, ನಾಲ್ಕು ಪದರ ಅಂದರೆ ಬೆರಳು ತೂತಾಗುತ್ತೆ. ಪುಣೆಗೆ ಬಂದರೆ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಇದೆಲ್ಲಾ ಸಿಗುತ್ತೆ.

ವಾಸ್ಕೋ ಬಾಯಿ:
ಮುಗ್ಗಲು ವಾಸನೆ ನಮಗೆ ಗೋವಾದಲ್ಲಿ ದಿನದ ಪಾಡು. ಹೊಲಿಯೋ ಮುಂಚೆ ಎರಡೂ ಮಗ್ಗಲು ಬಿಸಿಲಿಗೆ ಹಾಕಿ, ಗಾಳಿ ಆಡಲಿ. ಬೂಷ್ಟು ಕಂಡರೆ ಒಣ ಬ್ರಷ್‌ನಿಂದ ಹೊರಗೆ ನಿಂತು ಕೊಡವಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈಗಲೇ ನೀರಿಗೆ ಹಾಕಬೇಡಿ, ಬಿಡಿ ಪದರ ಇನ್ನಷ್ಟು ಸರಿದಾಡುತ್ತೆ.

ತುಕ್ಕಿಗೆ ನಿಂಬೆರಸ, ಉಪ್ಪು. ಕಲೆಯ ಮೇಲಷ್ಟೇ ಹಾಕಿ ಬಿಸಿಲಿಗಿಟ್ಟು, ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ. ಬಿಳಿ ಧೋತರಕ್ಕೆ ಭಯ ಇಲ್ಲ, ಬಣ್ಣದ ತೇಪೆಗೆ ತಾಗಿಸಬೇಡಿ. ಬ್ಲೀಚ್ ಮಾತ್ರ ಬೇಡವೇ ಬೇಡ, ತುಕ್ಕು ಇನ್ನೂ ಗಾಢವಾಗುತ್ತೆ. ಹೇಗೂ ಮೇಲೆ ತೇಪೆ ಮುಚ್ಚುತ್ತೆ ಅನ್ನೋದಾದರೆ ಸುಮ್ನೆ ಬಿಟ್ಟರೂ ನಡೆಯುತ್ತೆ, ಬಟ್ಟೆ ಅಲ್ಲಿ ಪಿಸಿದಿಲ್ಲ ತಾನೆ?

ಇನ್ನೊಂದು. ಮೂಲೆಗಳಲ್ಲಿ ಏನಾದರೂ ಇದೆಯಾ? ನಮ್ಮ ತವರು ಯಲ್ಲಾಪುರದ ಕಡೆ. ಅಲ್ಲಿ ಸಿದ್ದಿ ಹೆಂಗಸರು ನಾಲ್ಕೂ ಮೂಲೆಗೆ ಮಡಿಚಿದ ತ್ರಿಕೋನದ ಬಟ್ಟೆ ಹಚ್ಚುತ್ತಾರೆ, ಫುಲಾ ಅಂತಾರೆ. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಅಂತ ಅವರ ಲೆಕ್ಕ.

ಡೊಂಬಿವಲಿ ಅಕ್ಕ:
ಧೋತರ ಸೀಳೋಕೆ ಅಪ್ಪನ ನೆನಪಾಗಿ ಕೈ ಬರಲಿಲ್ಲ. ಅವ್ವನೇ ಕತ್ತರಿ ಇಸ್ಕೊಂಡು ತಡವಿ ತಡವಿ ಸೀಳಿದಳು. ನೈಲಾನ್ ಹೊರಗೆ ಬಂದ ಕೂಡಲೇ ಅರ್ಧ ಉಬ್ಬು ಇಳಿಯಿತು. ಕಾಕು ಹೇಳಿದ ಹಾಗೆ ಜೋಡು ಅಲ್ಲೇ ಇತ್ತು, ಒಂದು ಬೆರಳಗಲ ಒಳಗೆ ತಗೊಂಡೆ. ಈಗ ಹಾಸಿದರೆ ನೆಲಕ್ಕೆ ಕೂರುತ್ತೆ. ಕಲೆ ಬಿಟ್ಟೆ. ಮೂಲೆಯಲ್ಲಿ ಏನೂ ಇಲ್ಲ ವೈನಿ, ನಮ್ಮ ಕಡೆ ಆ ಪದ್ಧತಿ ಇಲ್ಲ.

ಇನ್ನು ತೇಪೆ. ನಡುವಿಗೆ ಅಂತ ಅವ್ವ ತೆಗೆದಿಟ್ಟಿರೋದು ಇಳಕಲ್ ಸೀರೆಯ ಕೆಂಪು ಸೆರಗು. ಒಗೆದಾಗ ಬಣ್ಣ ಬಿಟ್ಟರೆ?

ಕೊತ್ರೂಡ ಕಾಕು:
ಬಿಳಿ ಬಟ್ಟೆ ಒದ್ದೆ ಮಾಡಿ ಸೆರಗಿನ ಮೇಲಿಟ್ಟು, ಇಸ್ತ್ರಿಯನ್ನು ಹದ ಬಿಸಿಯಲ್ಲಿ ಒತ್ತಿ. ಬಿಳಿ ಕೆಂಪಾದರೆ ಆ ತುಂಡನ್ನು ಬೇರೆಯಾಗಿ ತಣ್ಣೀರಲ್ಲಿ ಜಾಲಿಸ್ತಾ ಇರಿ, ನೀರು ತಿಳಿಯಾಗೋ ತನಕ. ಉಪ್ಪು ನೀರಲ್ಲಿ ಇಟ್ಟರೆ ಬಣ್ಣ ನಿಲ್ಲುತ್ತೆ ಅಂತಾರೆ, ಅದನ್ನು ನಂಬಿ ಕೂರಬೇಡಿ. ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ ಇರುತ್ತೆ, ಅದೂ ಜಾರುತ್ತೆ. ದೊಡ್ಡ ತುಂಡು ಹಾಕದೆ ಅಂಗೈಯಗಲ ಕತ್ತರಿಸಿ, ಅಂಚು ಮಡಿಚಿ, ಸುತ್ತ ಹತ್ತಿ ತೇಪೆ ಕೊಡಿ.

ಮುಗಿದ ಮೇಲೆ ತಣ್ಣೀರಲ್ಲೇ ಒಗೆಯಿರಿ, ಹಿಂಡಬೇಡಿ. ಒದ್ದೆ ಕೌದಿ ತುಂಬಾ ಭಾರ, ಒಂದೇ ಹಗ್ಗಕ್ಕೆ ಹಾಕಿದರೆ ಹೊಲಿಗೆ ಎಳೆಯುತ್ತೆ. ಎರಡು ಮೂರು ಹಗ್ಗಕ್ಕೆ ಹರಡಿ.

ಡೊಂಬಿವಲಿ ಅಕ್ಕ:
ನಮ್ಮ ಗ್ರಿಲ್‌ನ ಹಗ್ಗ ಬೆಡ್‌ಶೀಟ್‌ಗೇ ಜೋಲುತ್ತೆ. ಟೆರೇಸ್ ಕೀಲಿ ಸೊಸೈಟಿ ಸೆಕ್ರೆಟರಿ ಹತ್ತಿರ ಇರುತ್ತೆ, ಈಗಿನಿಂದಲೇ ಕೇಳಿಡ್ತೀನಿ.